ಮೆಟ್ರೋ ಬಂತು, ಮನೆ ಖಾಲಿ ಮಾಡಿ



ಇವತ್ತು ಈ ಡೆಸ್ಕ್‌ನಲ್ಲಿ ಅತಿಥಿಗಳಿಲ್ಲ. ಆ ಪಕ್ಷದವರು, ಈ ಪಕ್ಷದವರು ಯಾರೂ ಬಂದಿಲ್ಲ. ಕಿರುಚಾಟ ಇರಲ್ಲ, ರಿಮೋಟ್ ಕೆಳಗಿಡಿ. ಇವತ್ತು ನಾನು ಮಾತಾಡೋದು ಒಂದು ಬಾಡಿಗೆ ಮನೆ ಬಗ್ಗೆ. ನನ್ನದೇ ಬಾಡಿಗೆ ಮನೆ. ಸ್ವಂತ ವಿಷಯವನ್ನ ಟಿವಿಗೆ ತರಬಾರದು ಅಂತ ನಮ್ಮಲ್ಲಿ ಒಂದು ಅಲಿಖಿತ ನಿಯಮ ಇದೆ. ಅದನ್ನ ಮುರೀತಾ ಇದೀನಿ, ಯಾಕಂದ್ರೆ ಈ ಕಥೆಯ ಮೊದಲ ದೃಶ್ಯದಲ್ಲಿ ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ.

2025ರ ಆಗಸ್ಟ್ 10, ಭಾನುವಾರ. ನಮ್ಮ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ಪ್ರಧಾನಿ ಹಸಿರು ನಿಶಾನೆ ತೋರಿಸಿದರು, ಅದೇ ರೈಲಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋದರು. ಬೆಳಗ್ಗೆಯಿಂದ ಲೈವ್. ಮಧ್ಯಾಹ್ನದ ಹೊತ್ತಿಗೆ ಹೇಳೋದು ಮುಗಿದು, ಡೆಸ್ಕ್‌ನವರು ಹೊಸ ಪ್ಯಾಕೇಜ್ ಒಂದನ್ನ ಕಳಿಸಿದರು. ಹಳದಿ ಮಾರ್ಗದ ಅಕ್ಕಪಕ್ಕ ಮನೆ, ಸೈಟು, ಬಾಡಿಗೆ ಎಲ್ಲ ಏರುತ್ತೆ ಅನ್ನೋ ಸುದ್ದಿ. ನಾನು ನಗುಮುಖದಲ್ಲಿ ಓದಿದೆ. "ಈ ಭಾಗದ ಜನರಿಗೆ ಡಬಲ್ ಧಮಾಕಾ" ಅಂತ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ಅದು ನಾನೇ ಸೇರಿಸಿದ್ದು.

ನಾನೂ ಈ ಭಾಗದ ಜನರೇ. ಬಿಟಿಎಂ ಲೇಔಟ್ ನಿಲ್ದಾಣಕ್ಕೆ ನಡೆದರೆ 4 ನಿಮಿಷ, ಅಂಥ ಜಾಗದಲ್ಲಿ 2018ರಿಂದ ಇದೀವಿ. ನಾನು, ಹೆಂಡತಿ, ನನ್ನ ಅಮ್ಮ. ಆಮೇಲೆ ಮಗಳು ಹುಟ್ಟಿದಳು. ಮಂಗಳವಾರ ಸಂಜೆ ಮಾಲೀಕರ ವಾಯ್ಸ್ ಮೆಸೇಜ್ ಬಂತು. ನಿಮ್ಮ ಪ್ರೋಗ್ರಾಮ್ ನೋಡಿದೆ, ಚೆನ್ನಾಗಿತ್ತು ಅಂತ ಶುರು ಮಾಡಿದರು. ಸೆಪ್ಟೆಂಬರ್‌ಗೆ ಅಗ್ರಿಮೆಂಟ್ ಮುಗಿಯುತ್ತೆ, ಮುಂದಿನದು 36 ಸಾವಿರ, ಆಗಲ್ಲ ಅಂದ್ರೆ ಬೇಜಾರಿಲ್ಲ, ತಿಳಿಸಿ. ಇಷ್ಟೇ.

ಆಗ ನಾವು ಕೊಡ್ತಾ ಇದ್ದದ್ದು 24 ಸಾವಿರ.

ಲೆಕ್ಕ ಹೇಳ್ತೀನಿ ಕೇಳಿ. ಓದಿದ್ದು ಇಂಜಿನಿಯರಿಂಗ್, ಮೈಕ್ ಹಿಡಿದರೂ ಆ ಚಾಳಿ ಹೋಗಿಲ್ಲ. 2018ರ ಜೂನ್‌ನಲ್ಲಿ ಸೇರಿದಾಗ ಬಾಡಿಗೆ 17 ಸಾವಿರ. ಪ್ರತಿ ನವೀಕರಣಕ್ಕೆ ಶೇಕಡಾ 5. ಏಳು ಸಲ ನವೀಕರಣ ಆಗಿ 24 ಸಾವಿರಕ್ಕೆ ಬಂದಿತ್ತು. ಅಂದ್ರೆ ಏಳು ವರ್ಷದಲ್ಲಿ 7 ಸಾವಿರ ಏರಿದ ಬಾಡಿಗೆ ಈಗ ಒಂದೇ ಮೆಸೇಜ್‌ನಲ್ಲಿ 12 ಸಾವಿರ ಏರಿತು.

ಮಾಲೀಕರು ಕೆಟ್ಟವರಲ್ಲ, ಅದನ್ನ ಹೇಳಿಬಿಡ್ತೀನಿ. ನಿವೃತ್ತರು. ಪಿಂಚಣಿ ಇಲ್ಲ, ಮೂರು ಮನೆಯ ಬಾಡಿಗೆಯೇ ಪಿಂಚಣಿ. ಕೋವಿಡ್‌ನಲ್ಲಿ ನನ್ನ ಸಂಬಳ ಅರ್ಧ ಆದಾಗ ನಾಲ್ಕು ತಿಂಗಳು ಅರ್ಧ ಬಾಡಿಗೆ ತಗೊಂಡ ಮನುಷ್ಯ. ಮೆಟ್ರೋ ಕೆಲಸದ ಧೂಳನ್ನ ಅವರೂ ಕುಡಿದಿದ್ದಾರೆ. ಹತ್ತಿರದ ಬ್ರೋಕರ್ ಬಂದು, ಸರ್ ನಿಮ್ಮ ಮನೆಗೆ ಈಗ 36 ಬರುತ್ತೆ ಅಂದ. ಅವರು ನಮಗೆ ಹೇಳಿದರು. ಅವರ ಜಾಗದಲ್ಲಿ ನಾನಿದ್ದರೆ ಬೇಡ ಅಂತಿದ್ನಾ? ಗೊತ್ತಿಲ್ಲ.

ಆದರೆ ಆ ಧೂಳಿನ ವಿಷಯ ಇದೆಯಲ್ಲ, ಅದು ಗಂಟಲಲ್ಲೇ ಉಳಿದಿದೆ. 2020ರ ಜನವರಿಯಲ್ಲಿ ಜಯದೇವ ಫ್ಲೈಓವರ್ ಒಡೆಯೋಕೆ ಶುರು ಮಾಡಿದ್ದು ನಿಮಗೆ ನೆನಪಿರಬಹುದು. ಅಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಎಷ್ಟು ವರ್ಷ ಆ ರಸ್ತೆ ರಸ್ತೆಯಾಗಿರಲಿಲ್ಲ ಅಂತ ಆ ಕಡೆಯವರನ್ನ ಕೇಳಿ. ಕಿಟಕಿ ತೆಗೆಯೋ ಹಾಗಿರಲಿಲ್ಲ. ಮಗಳಿಗೆ ಒಂದೂವರೆ ವರ್ಷಕ್ಕೇ ನೆಬ್ಯುಲೈಸರ್ ಅಭ್ಯಾಸ ಆಯ್ತು. ಈ ಮಾರ್ಗ 2021ಕ್ಕೇ ಆಗಬೇಕಿತ್ತು; ಆಮೇಲೆ ಮುಂದಿನ ವರ್ಷ, ಮುಂದಿನ ವರ್ಷ ಅಂತ ಹೋಯ್ತು. ಟ್ರ್ಯಾಕ್ ರೆಡಿ, ರೈಲಿಲ್ಲ ಅಂತ ಎಷ್ಟು ಸಲ ನಾನೇ ಓದಿದೀನೋ. ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳ್ತಾ ಇದ್ದೆ, ಇನ್ನೊಂದು ವರ್ಷ ತಡ್ಕೋ, ಮೆಟ್ರೋ ಬಂದ್ರೆ ನಿನ್ನ ಆಫೀಸು 35 ನಿಮಿಷ. ಅವಳ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಏಳು ವರ್ಷ ಸಿಲ್ಕ್ ಬೋರ್ಡ್ ದಾಟಿಕೊಂಡು ಹೋದವಳು ಆ ಮೆಟ್ರೋವನ್ನ ಮನೆ ಹತ್ತಿರದಿಂದ ಹತ್ತಿದ್ದು ಹನ್ನೊಂದು ವಾರ.

ಕಾನೂನು ಏನೂ ಇಲ್ವಾ ಅಂತ ಕೇಳ್ತೀರಿ. ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದರೊಳಗೆ ಒಂದು ಸಾಲಿದೆ: ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಈ ಕಾಯ್ದೆ ಅನ್ವಯಿಸಲ್ಲ. 3,500 ರೂಪಾಯಿ! ಇವತ್ತು ಈ ಊರಲ್ಲಿ ಆ ದುಡ್ಡಿಗೆ ಕಾರ್ ನಿಲ್ಲಿಸೋ ಜಾಗ ಸಿಗಬಹುದು. ಇನ್ನೊಂದು, ಮಾದರಿ ಬಾಡಿಗೆ ಕಾಯ್ದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ್ದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳೋ ಹಾಗಿಲ್ಲ, ಕರಾರಿನಲ್ಲಿ ಬೇರೆ ರೀತಿ ಬರೆಯದೇ ಇದ್ದರೆ ಬಾಡಿಗೆ ಏರಿಸೋಕೆ ಮೂರು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಬೇಕು ಅಂತ ಇದೆ. ಮಾದರಿ ಅಂದ್ರೆ ರಾಜ್ಯ ಅದನ್ನ ಅಳವಡಿಸಿಕೊಂಡರೆ ಮಾತ್ರ ಜಾರಿ. ನಾವು ಅಳವಡಿಸಿಕೊಂಡಿಲ್ಲ. ಹಾಗಾಗಿ ನಮ್ಮ ಊರಲ್ಲಿ ಕಾನೂನು ಅಂದ್ರೆ ಸ್ಟಾಂಪ್ ಪೇಪರ್ ಮೇಲೆ ಮಾಲೀಕರು ಏನು ಟೈಪ್ ಮಾಡಿಸ್ತಾರೋ ಅದು.

ಆ ಪೇಪರ್‌ನಲ್ಲಿ ಯಾವಾಗಲೂ 11 ತಿಂಗಳು. ಯಾಕೆ 11? ಒಂದು ವರ್ಷ ಮೀರಿದ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು. ಅದರ ಖರ್ಚು, ಓಡಾಟ ಯಾರಿಗೂ ಬೇಡ. ಸರಿ. ಆದರೆ ಇದರಲ್ಲಿ ಒಂದು ತಮಾಷೆ ಇದೆ, ನನಗೇ ಈ ಸಲ ಹೊಳೆದದ್ದು. 11 ತಿಂಗಳ ಕರಾರು ಪ್ರತಿ ಸಲ ಒಂದು ತಿಂಗಳು ಹಿಂದಕ್ಕೆ ಸರಿಯುತ್ತೆ. ಜೂನ್‌ನಲ್ಲಿ ಶುರುವಾದ ನಮ್ಮ ಕರಾರು ಮುಂದಿನ ಸಲ ಮೇ, ಆಮೇಲೆ ಏಪ್ರಿಲ್, ಮಾರ್ಚ್, ಹೀಗೆ ಹಿಂದೆ ಸರಿದು ಸರಿದು ಎಂಟನೇ ಕರಾರಿಗೆ ಸೆಪ್ಟೆಂಬರ್ ಕೊನೆಯಲ್ಲಿ ಮುಗೀತು. ಶಾಲೆ ಶುರುವಾಗೋದು ಜೂನ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಮನೆ ಬಿಡಿ ಅಂದ್ರೆ ಮಗುವನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ? ಮನೆ ಬಾಡಿಗೆಯ ಕ್ಯಾಲೆಂಡರೂ ಶಾಲೆಯ ಕ್ಯಾಲೆಂಡರೂ ಈ ಊರಲ್ಲಿ ಒಂದನ್ನೊಂದು ನೋಡೇ ಇಲ್ಲ.

ಮಗಳು ಮುಂದಿನ ಜೂನ್‌ಗೆ ಒಂದನೇ ಕ್ಲಾಸು. ಈಗ ಎರಡನೇ ಸಲ ಯುಕೆಜಿಯಲ್ಲಿದ್ದಾಳೆ, ದಡ್ಡಿ ಅಂತ ಅಲ್ಲ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮ. ಅವಳು ಜುಲೈಯಲ್ಲಿ ಹುಟ್ಟಿದವಳು. ಏಪ್ರಿಲ್ ಮಧ್ಯದಲ್ಲಿ ಸರ್ಕಾರ ಈ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲ ಮಾಡ್ತು. ಆ ಬ್ರೇಕಿಂಗ್ ನ್ಯೂಸನ್ನೂ ನಾನೇ ಓದಿದೆ. ಆ ಹೊತ್ತಿಗೆ ಎರಡನೇ ಯುಕೆಜಿಯ ಫೀಸ್ ಕಟ್ಟಿ ವಾರ ಆಗಿತ್ತು. ಇರಲಿ.

ಸರಿ, ಮನೆ ಹುಡುಕೋಕೆ ಶುರು ಮಾಡಿದೆವು. ನಾನು ಮೊದಲು ಮಾಡಿದ ಕೆಲಸ ಎಕ್ಸೆಲ್ ಶೀಟ್. ಒಂದೊಂದು ಮನೆಗೆ ಒಂದೊಂದು ಸಾಲು. ನಿಲ್ದಾಣಕ್ಕೆ ಎಷ್ಟು ದೂರ, ಶಾಲೆಗೆ ಎಷ್ಟು ದೂರ, ಬಾಡಿಗೆ, ಅಡ್ವಾನ್ಸ್, ಕಾವೇರಿನಾ ಬೋರಾ ಟ್ಯಾಂಕರಾ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ. ಕೊನೆಯದು ಅಮ್ಮನ ಮಂಡಿಗೋಸ್ಕರ. ಪ್ರತಿ ಕಾಲಂಗೆ ಅಂಕ, ಒಟ್ಟು ನೂರು. ಹೆಂಡತಿ ನೋಡಿ, ಇದರಲ್ಲಿ ಬಿಸಿಲು ಬರುತ್ತಾ ಅನ್ನೋ ಕಾಲಂ ಇಲ್ವಲ್ಲ ಅಂದಳು. ಅದನ್ನೂ ಸೇರಿಸಿದೆ.

ಒಂದೂವರೆ ತಿಂಗಳಲ್ಲಿ 31 ಮನೆ ನೋಡಿದೆವು. ಜಾಹೀರಾತಲ್ಲಿ ಎಲ್ಲ ಮನೆಯೂ "ಮೆಟ್ರೋಗೆ ಐದೇ ನಿಮಿಷ". ಮನುಷ್ಯ ಐದು ನಿಮಿಷದಲ್ಲಿ ಸುಮಾರು 400 ಮೀಟರ್ ನಡೀತಾನೆ. ಸಿಂಗಸಂದ್ರದ ಕಡೆ ಒಂದು ಮನೆ, ಮ್ಯಾಪ್‌ನಲ್ಲಿ ಗೆರೆ ಎಳೆದರೆ ನಿಲ್ದಾಣಕ್ಕೆ 300 ಮೀಟರ್. ಅಮ್ಮನನ್ನ ಕರ್ಕೊಂಡು ನಡೆದೆ. 17 ನಿಮಿಷ. ಮುರಿದ ಫುಟ್‌ಪಾತು, ತೆರೆದ ಮೋರಿ, ಆಮೇಲೆ ಹೊಸೂರು ರಸ್ತೆ. ಹೊಸೂರು ರಸ್ತೆ ದಾಟೋದು ಅಂದ್ರೆ ಏನು ಅಂತ ಗೊತ್ತಿರೋರಿಗೆ ಗೊತ್ತು. ರೈಲು ಮೇಲೆ ಸುಂಯ್ ಅಂತ ಹೋಗುತ್ತೆ, ಕೆಳಗೆ ಅಮ್ಮ ಡಿವೈಡರ್ ಹಿಡ್ಕೊಂಡು ನಿಂತಿದ್ದಾರೆ. ಅದರ ಮೇಲೆ ಇನ್ನೊಂದು ಲೆಕ್ಕ. ಶುರುವಿನಲ್ಲಿ ಹಳದಿ ಮಾರ್ಗದಲ್ಲಿ ಇದ್ದದ್ದು ಮೂರು ರೈಲು, 25 ನಿಮಿಷಕ್ಕೆ ಒಂದು. ಒಂದು ತಪ್ಪಿತು ಅಂದ್ರೆ ಪ್ಲಾಟ್‌ಫಾರ್ಮ್‌ನಲ್ಲೇ 25 ನಿಮಿಷ. ಆಮೇಲೆ ರೈಲು ಬಂದ ಹಾಗೆ ಅಂತರ ಕಡಿಮೆ ಆಗ್ತಾ ಬಂತು, ನಿಜ. ಬಾಡಿಗೆ ಮಾತ್ರ ಮೂರು ನಿಮಿಷಕ್ಕೊಂದು ರೈಲು ಬರೋ ಮಾರ್ಗದ ಬಾಡಿಗೆ, ಮೊದಲ ದಿನದಿಂದಲೇ. ಟಿಕೆಟ್ ದರ ಫೆಬ್ರವರಿಯಲ್ಲೇ ಏರಿತ್ತು, ಗರಿಷ್ಠ 60 ಇದ್ದದ್ದು 90.

ಮನೆ ತೋರಿಸೋಕೆ ಬಂದವರಲ್ಲಿ ಅರ್ಧ ಜನ ನನ್ನ ಮುಖ ಗುರುತಿಸಿದರು. ಸೆಲ್ಫಿ ತಗೊಂಡರು. ಒಬ್ಬರು ಸೆಲ್ಫಿ ತಗೊಂಡ ಮೇಲೆ, ಟಿವಿಯವರಿಗೆ ಕೊಡಲ್ಲ ಸರ್, ಬೇಜಾರು ಮಾಡ್ಕೋಬೇಡಿ, ನಾಳೆ ಏನಾದ್ರೂ ಆದ್ರೆ ಕ್ಯಾಮೆರಾ ತರ್ತೀರಿ ಅಂದರು. ಬೇಜಾರಾಗಲಿಲ್ಲ, ನಗು ಬಂತು. ನಗು ಬರದ ಪ್ರಶ್ನೆ ಇನ್ನೊಂದಿದೆ. ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆಯೇ, ನೀವು ಯಾವ ಜನ? ವೆಜ್ಜಾ ನಾನ್‌ವೆಜ್ಜಾ? ಎರಡು ಮನೆ ನಮಗೆ ಅಲ್ಲೇ ಮುಗೀತು. ನನ್ನ ಜೊತೆ ಹೊರಗೆ ಶೂಟ್‌ಗೆ ಬರೋ ಕ್ಯಾಮೆರಾಮನ್ ಮುಸ್ಲಿಂ. ಅವರಿಗೆ ಚಪ್ಪಲಿ ಬಿಡೋವರೆಗೂ ಹೋಗೋದಿಲ್ಲ, ಫೋನಲ್ಲಿ ಹೆಸರು ಹೇಳಿದ ಕೂಡಲೇ ಮನೆ ಈಗಷ್ಟೇ ಯಾರಿಗೋ ಕೊಟ್ಟಾಗಿರುತ್ತೆ. ಅವರ ಮಗನೂ ಮುಂದಿನ ವರ್ಷ ಒಂದನೇ ಕ್ಲಾಸು. ಮೆಟ್ರೋ, ಶಾಲೆ ಅಂತ ಎಕ್ಸೆಲ್ ಶೀಟ್ ಮಾಡೋದೂ ಒಂದು ಸೌಲಭ್ಯವೇ ಅಂತ ಅವರು ಒಂದ್ಸಲ ಹೇಳಿದರು, ಸಿಟ್ಟಿಲ್ಲದೇನೇ.

ಇನ್ನು ಶಾಲೆ. ಹೆಸರು ಮಾಡಿದ ಶಾಲೆಗಳು ದಸರಾ ಹೊತ್ತಿಗೆ ಅರ್ಜಿ ಕೊಡ್ತವೆ, ಸೀಟು ಸಿಕ್ಕಿತಾ ಅಂತ ಗೊತ್ತಾಗೋದು ಸಂಕ್ರಾಂತಿಗೆ. ಅರ್ಜಿಯಲ್ಲಿ ಮನೆ ವಿಳಾಸ ಬರೀಬೇಕು. ಮನೆ ಮಾಲೀಕರಿಗೆ ಇವತ್ತು ರಾತ್ರಿಯೊಳಗೆ ಟೋಕನ್ ಅಡ್ವಾನ್ಸ್ ಹಾಕಬೇಕು, ಇನ್ನೂ ನಾಲ್ಕು ಜನ ಲೈನಲ್ಲಿದ್ದಾರೆ. ಶಾಲೆ ಗೊತ್ತಾಗದೆ ಮನೆ ಹಿಡಿಯೋ ಹಾಗಿಲ್ಲ, ಮನೆ ಇಲ್ಲದೆ ಶಾಲೆಗೆ ಅರ್ಜಿ ಹಾಕೋ ಹಾಗಿಲ್ಲ. ಒಂದು ಶಾಲೆಯವರು ನಾಲ್ಕು ಕಿಲೋಮೀಟರ್ ಒಳಗಿದ್ದರೆ ಮಾತ್ರ ಬಸ್ ಅಂದರು. ನಾಲ್ಕು ಕಿಲೋಮೀಟರಿಗೆ ಆ ಬಸ್ ಒಂದು ಗಂಟೆ ಸುತ್ತುತ್ತೆ. ಆರು ವರ್ಷದ ಮಗು ಆರೂವರೆಗೆ ಏಳಬೇಕು.

ಈ ಹಂತದಲ್ಲಿ ಒಂದು ರಾತ್ರಿ ಅಮ್ಮ ನನ್ನ ಲ್ಯಾಪ್‌ಟಾಪ್ ಮುಂದೆ ಕನ್ನಡಕ ಹಾಕ್ಕೊಂಡು ಕೂತರು. ಅಮ್ಮ ಹಾಸನ ಜಿಲ್ಲೆಯಲ್ಲಿ ಮೂವತ್ತೆರಡು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಟೀಚರ್ ಅಂದ್ರೆ ಅವರಿಗೆ ಆಗಲ್ಲ, ಮೇಷ್ಟ್ರು ಅಂತಲೇ ಅನ್ನಬೇಕು. ನಾನು ಅವರ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿದವನು. ಶೀಟನ್ನ ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು: "ಇದರಲ್ಲಿ ಹನ್ನೆರಡು ಶಾಲೆ ಬರೆದಿದೀಯ. ಸರ್ಕಾರಿ ಶಾಲೆ ಒಂದೂ ಇಲ್ವಲ್ಲ?"

ಹೋದ ವರ್ಷ ಇದೇ ಡೆಸ್ಕ್‌ನಲ್ಲಿ ಕನ್ನಡ ಶಾಲೆ ಉಳಿಸಿ ಅಂತ ಒಂದು ಗಂಟೆ ಚರ್ಚೆ ನಡೆಸಿದವನು ನಾನು. ನಿಮ್ಮ ಮಕ್ಕಳು ಎಲ್ಲಿ ಓದ್ತಾರೆ ಅಂತ ಒಬ್ಬ ಶಾಸಕರನ್ನ ಮೂರು ಸಲ ಕೇಳಿದ್ದೆ. ಆ ಕ್ಲಿಪ್ ವೈರಲ್ ಆಗಿತ್ತು. ಅಮ್ಮನಿಗೆ ಉತ್ತರ ಕೊಡೋಕೆ ಏನೂ ಹೊಳೆಯಲಿಲ್ಲ. ನಾಳೆ ಹೋಗಿ ನೋಡೋಣ ಅಂದೆ.

ಹೊಸೂರು ರಸ್ತೆಯಿಂದ ಒಳಗೆ, ಹಳದಿ ಮಾರ್ಗದ ಒಂದು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಸರು ಬೇಡ. ಎರಡು ಕಟ್ಟಡ, ಒಂದು ಹೊಸದು ಒಂದು ಹಳೇದು. ಕನ್ನಡ ಮಾಧ್ಯಮದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಮುಖ್ಯ ಶಿಕ್ಷಕಿ ನನ್ನನ್ನ ನೋಡಿ ಗಾಬರಿಯಾದರು, ಯಾವುದೋ ದೂರಿನ ಮೇಲೆ ಬಂದಿದೀನಿ ಅಂತ. ಅಡ್ಮಿಷನ್ ವಿಚಾರಿಸೋಕೆ ಬಂದೆ ಮೇಡಂ ಅಂದೆ. ನಂಬಲಿಲ್ಲ. ಕ್ಯಾಮೆರಾ ಎಲ್ಲಿದೆ ಅಂತ ನನ್ನ ಹಿಂದೆ ನೋಡಿದರು. ಅಮ್ಮ ಮಾತಿಗಿಳಿದ ಮೇಲೆ ಸರಿಹೋಯ್ತು. ಇಬ್ಬರೂ ನಲಿ-ಕಲಿ, ಬಿಸಿಯೂಟದ ಬೇಳೆ, ಆನ್‌ಲೈನ್ ಎಂಟ್ರಿ ಕಾಟ ಅಂತ ಒಂದು ಗಂಟೆ ಮಾತಾಡಿದರು. ನಾನು ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿದೆ. ಮಕ್ಕಳು ಜೋರಾಗಿ ಓದ್ತಾ ಇದ್ದರು. ಚೆನ್ನಾಗಿತ್ತು ಅಂತಲೇ ಹೇಳ್ತೀನಿ. ಶೌಚಾಲಯ ಅಷ್ಟು ಚೆನ್ನಾಗಿರಲಿಲ್ಲ.

ಮಾತಿನ ಮಧ್ಯೆ ನಾನು ಕೇಳಿದೆ, ಮೆಟ್ರೋ ಬಂದ ಮೇಲೆ ಮಕ್ಕಳು ಜಾಸ್ತಿ ಆಗಿರಬೇಕಲ್ವಾ ಮೇಡಂ? ಅವರು ಬೀರುವಿನಿಂದ ವರ್ಗಾವಣೆ ಪತ್ರದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಟಿಸಿ ಪುಸ್ತಕ. ಹಾಳೆ ತಿರುಗಿಸಿದೆ. ಶಾಲೆ ಬಿಡಲು ಕಾರಣ ಅನ್ನೋ ಜಾಗದಲ್ಲಿ ನೀಲಿ ಇಂಕಿನಲ್ಲಿ ಒಂದೇ ಕೈಬರಹ: ಮನೆ ಬದಲಾವಣೆ. ಮುಂದಿನ ಹಾಳೆ, ಮನೆ ಬದಲಾವಣೆ. ಒಂದೇ ಒಂದು ಕಡೆ, ತಂದೆಯ ಮರಣ, ಊರಿಗೆ ವಾಪಸ್. ಮತ್ತೆ ಮನೆ ಬದಲಾವಣೆ.

"ಮೆಟ್ರೋ ಬಂದ ಮೇಲೆ ಅಲ್ಲ ಸರ್," ಅಂದರು ಅವರು. "ಟ್ರಯಲ್ ರೈಲು ಓಡಿತಲ್ಲ, ಆಗಿನಿಂದ."

ಬೊಮ್ಮನಹಳ್ಳಿ ಸುತ್ತ ಗಾರ್ಮೆಂಟ್ ಫ್ಯಾಕ್ಟರಿಗಳು ಎಷ್ಟಿವೆ ನಿಮಗೆ ಗೊತ್ತು. ಆ ಶಾಲೆಯ ಮಕ್ಕಳ ತಾಯಂದಿರು ಅಲ್ಲಿ ಹೊಲಿಗೆ ಕೆಲಸಕ್ಕೆ ಹೋಗೋರು, ತಂದೆಯರು ಸೆಕ್ಯೂರಿಟಿ, ಆಟೋ, ಗಾರೆ ಕೆಲಸ. ಒಂದು ರೂಮು, ಒಂದು ಅಡುಗೆಮನೆಯ ವಠಾರಗಳಲ್ಲಿ ಬಾಡಿಗೆಗಿದ್ದವರು. ಆ ವಠಾರಗಳನ್ನ ಒಡೆದು ಪಿಜಿ ಕಟ್ತಾ ಇದ್ದಾರೆ, ಒಂದು ರೂಮಿಗೆ ಮೂರು ಮಂಚ ಹಾಕಿದರೆ ಸಂಸಾರಕ್ಕೆ ಕೊಡೋದಕ್ಕಿಂತ ಜಾಸ್ತಿ ಹುಟ್ಟುತ್ತೆ. ಸಂಸಾರಗಳು ಎಲ್ಲಿ ಹೋದವು? ಚಂದಾಪುರ, ಅತ್ತಿಬೆಲೆ. ಬೊಮ್ಮಸಂದ್ರಕ್ಕೆ ಕೊನೆ ನಿಲ್ದಾಣ, ಅದರಾಚೆ.

ನಾಲ್ಕನೇ ಕ್ಲಾಸಿನ ಒಂದು ಹುಡುಗಿಯನ್ನ ತೋರಿಸಿದರು. ಅವರ ಮನೆ ಜುಲೈಯಲ್ಲೇ ಚಂದಾಪುರಕ್ಕೆ ಹೋಗಿದೆ. ತಾಯಿ ಟಿಸಿ ಕೇಳಿಲ್ಲ. ಫ್ಯಾಕ್ಟರಿ ಇಲ್ಲೇ ಇದೆ, ಬಸ್ಸಲ್ಲಿ ತಾಯಿಗೂ ಮಗಳಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಜೊತೆಯಲ್ಲಿ ಕರ್ಕೊಂಡು ಬರ್ತಾರೆ. ತಾಯಿಯ ಶಿಫ್ಟು ಬೇಗ. ಹುಡುಗಿ ಎಂಟಕ್ಕೆ ಮುಂಚೆ ಗೇಟ್ ಹತ್ತಿರ ಬಂದು ಕೂತಿರ್ತಾಳೆ, ಸಂಜೆ ತಾಯಿ ಬರೋವರೆಗೂ ಅಲ್ಲೇ. ಒಂದು ದಿನ ಮಳೆಯಲ್ಲಿ ನೆಂದು ಕೂತಿದ್ದಳಂತೆ. ಅವತ್ತಿನಿಂದ ಮುಖ್ಯ ಶಿಕ್ಷಕಿ ಏಳೂಮುಕ್ಕಾಲಿಗೇ ಬಂದು ಬೀಗ ತೆಗೀತಾರೆ. ಅವರ ಮನೆ ಉತ್ತರಹಳ್ಳಿ ಕಡೆ. ನೀವು ಹೇಗೆ ಬರ್ತೀರಿ ಮೇಡಂ ಅಂದೆ. ಎರಡು ಬಸ್ ಅಂದರು. ಮೆಟ್ರೋ? ನಮ್ಮ ಕಡೆ ಇಲ್ವಲ್ಲ ಸರ್.

ಆ ಹುಡುಗಿಯ ತಲೆ ಮೇಲಿಂದ ಹೋಗೋ ರೈಲಿನ ಬಗ್ಗೆ ನಾನು ಡಬಲ್ ಧಮಾಕಾ ಅಂದಿದ್ದೆ.

ನಾವು ಮಗಳನ್ನ ಆ ಶಾಲೆಗೆ ಸೇರಿಸ್ತೀವಾ ಅಂದ್ರೆ, ಇಲ್ಲ. ಇದನ್ನ ಮುಚ್ಚಿಟ್ಟು ಮಾತಾಡಿದರೆ ಇವತ್ತಿನ ಕಾರ್ಯಕ್ರಮವೇ ಸುಳ್ಳಾಗುತ್ತೆ. ಹೆಂಡತಿಗೂ ನನಗೂ ಮೂರು ದಿನ ಮಾತಾಯ್ತು. ಶಾಲೆ ಬಗ್ಗೆ ದೂರಿಲ್ಲ, ನಮ್ಮ ಧೈರ್ಯ ಸಾಲಲಿಲ್ಲ. ಎಲ್ಲರ ಮಕ್ಕಳು ಒಂದು ಕಡೆ, ನಮ್ಮದು ಇನ್ನೊಂದು ಕಡೆ ಆದ್ರೆ ಅನ್ನೋ ಭಯ. ಅಮ್ಮ ಏನೂ ಹೇಳಲಿಲ್ಲ. ಅವರು ಏನೂ ಹೇಳದೇ ಇರೋದು ನನಗೆ ಗೊತ್ತಿರೋ ಒಂದು ಉತ್ತರ. ಆದರೆ ಆವತ್ತಿನ ನಂತರ ನಾನು ಶೀಟಿನ ಅಂಕಗಳನ್ನ ತಿರುಗಿಸಿದೆ. ನಿಲ್ದಾಣಕ್ಕೆ ಕೊಟ್ಟಿದ್ದ 30 ಅಂಕವನ್ನ 10 ಮಾಡಿದೆ, ಶಾಲೆಗೆ ಮಗು ನಡೆದು ಹೋಗಬಹುದಾ ಅನ್ನೋದಕ್ಕೆ 30.

ಹಾಗೆ ಸಿಕ್ಕಿದ್ದು ಬನಶಂಕರಿಯ ಒಂದು ನೆಲಮಹಡಿ. ಹಳೇ ಮನೆ, ಹಾಲ್‌ನಲ್ಲಿ ಹಗಲೂ ಲೈಟ್ ಹಾಕಬೇಕು. ಬಾಡಿಗೆ 29 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿ ಆರಕ್ಕೆ ಇಳಿದರು. ಹಳೇ ಮನೆಯವರು ನಮ್ಮ 1 ಲಕ್ಷ 70 ಸಾವಿರದಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು, ಏಳು ವರ್ಷದ ಧೂಳು ಅಲ್ವಾ. ಐನೂರು ಮೀಟರ್‌ನಲ್ಲಿ ಒಂದು ಅನುದಾನಿತ ಶಾಲೆ. ಎಷ್ಟೋ ದಶಕದ ಹಿಂದೆ ಕನ್ನಡದ ಮೇಷ್ಟ್ರುಗಳೇ ಸೇರಿ ಕಟ್ಟಿದ್ದು, ದೊಡ್ಡ ಮೈದಾನ, ಬೇವಿನ ಮರ. ಫೀಸು ನಮ್ಮ ಪಟ್ಟಿಯ ಹನ್ನೆರಡು ಶಾಲೆಗಳ ಮುಂದೆ ಏನೇನೂ ಅಲ್ಲ. ಅದು ನನ್ನ ಶೀಟಿನಲ್ಲಿ ಇರಲೇ ಇಲ್ಲ, ಯಾಕಂದ್ರೆ ಅದಕ್ಕೆ ವೆಬ್‌ಸೈಟ್ ಇಲ್ಲ, ಫ್ಲೆಕ್ಸ್ ಇಲ್ಲ. ಇಂಥ ಶಾಲೆಗಳು ಬಸವನಗುಡಿ, ಜಯನಗರ, ಮಲ್ಲೇಶ್ವರ, ರಾಜಾಜಿನಗರದಲ್ಲಿ ಇನ್ನೂ ಇವೆ. ಮನೆ ಹುಡುಕೋರು ಮೊದಲು ಅವನ್ನ ನೋಡಿ. ಕಂಪ್ಯೂಟರ್ ಮುಂದೆ ಕೂತು ಸಿಗಲ್ಲ. ಬೆಳಗ್ಗೆ ಒಂಬತ್ತಕ್ಕೆ ಬೀದಿಯಲ್ಲಿ ನಿಂತರೆ ಯೂನಿಫಾರಂ ಹಾಕಿದ ಮಕ್ಕಳು ಯಾವ ಕಡೆ ನಡ್ಕೊಂಡು ಹೋಗ್ತಾರೆ ಅಂತ ಕಾಣುತ್ತೆ.

ಬೆಲೆ ತೆತ್ತದ್ದು ಹೆಂಡತಿ. ಬನಶಂಕರಿ ನಿಲ್ದಾಣಕ್ಕೆ 1.8 ಕಿಲೋಮೀಟರ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಒಂದು ನಿಲ್ದಾಣ, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ. ಎಲ್ಲ ಸೇರಿ ಒಂದು ಗಂಟೆ ಹತ್ತು ನಿಮಿಷ. ಆ 1.8 ಕಿಲೋಮೀಟರ್ ಇದೆಯಲ್ಲ, ಅದಕ್ಕೇ ಇಪ್ಪತ್ತೈದು ನಿಮಿಷ ಹೋಗುತ್ತೆ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ ಓಡಿಸಿದರೆ ನಮ್ಮಂಥವರು ನಿಲ್ದಾಣದಿಂದ ಎರಡು ಕಿಲೋಮೀಟರ್ ದೂರದಲ್ಲೇ ಸುಖವಾಗಿ ಇರಬಹುದು. ನಿಲ್ದಾಣದ ಬುಡದಲ್ಲೇ ಮನೆ ಬೇಕು ಅನ್ನೋ ನೂಕುನುಗ್ಗಲು ತಾನೇ ಕಡಿಮೆಯಾಗುತ್ತೆ. ರೈಲಿಗೆ ಸಾವಿರಾರು ಕೋಟಿ ಹಾಕಿದವರು ಬಸ್ಸಿಗೆ ಯಾಕೆ ಲೆಕ್ಕ ಹಾಕ್ತಾರೋ. ಮಗಳ ಯುಕೆಜಿ ಮಾರ್ಚ್‌ವರೆಗೆ ಹಳೇ ಏರಿಯಾದಲ್ಲೇ, ಅಲ್ಲಿವರೆಗೆ ಅಮ್ಮ ಆಟೋದಲ್ಲಿ ಕರ್ಕೊಂಡು ಹೋಗ್ತಾರೆ. ಅಂದಹಾಗೆ ಬಾಡಿಗೆದಾರರೇ, ಮನೆ ಬಿಡುವಾಗ ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರ್ ಅನ್ನ ಹಳೇ ಮೀಟರ್‌ನಿಂದ ಬಿಡಿಸಿಕೊಳ್ಳೋದು ಮರೀಬೇಡಿ. ನಾನು ಮರೆತೆ. ಹೊಸ ಮನೆಯ ಮೊದಲ ಬಿಲ್ ಪೂರ್ತಿ ಕಟ್ಟಿದೆ.

ಈಗ ಯಾಕೆ ಇದನ್ನೆಲ್ಲ ಹೇಳಿದೆ ಅಂದ್ರೆ, ಮುಂದಿನ ಸರದಿ ಬನ್ನೇರುಘಟ್ಟ ರಸ್ತೆಯವರದು. ಕಾಳೇನ ಅಗ್ರಹಾರದಿಂದ ಗುಲಾಬಿ ಮಾರ್ಗ ಬರ್ತಾ ಇದೆ. ಅದರ ಹಿಂದೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆ ನೀಲಿ ಮಾರ್ಗ. ಆ ರಸ್ತೆಗಳ ಪಕ್ಕ ಬಾಡಿಗೆಗಿರೋರು ಈಗಲೂ ಧೂಳು ಕುಡೀತಾ ಇದೀರಿ. ಟ್ರಯಲ್ ರೈಲು ಓಡೋಕೆ ಮುಂಚೆ ಮಾಲೀಕರ ಜೊತೆ ಕೂತು ಮಾತಾಡಿ. 11 ತಿಂಗಳು ಬೇಡ, ಎರಡು ಅಥವಾ ಮೂರು ವರ್ಷದ ಕರಾರು ಕೇಳಿ. ವರ್ಷಕ್ಕೆ ಶೇಕಡಾ 5 ಅಥವಾ 7, ಎಷ್ಟು ಏರಿಕೆ ಅಂತ ಒಳಗೇ ಬರೆಸಿ. ಮುಗಿಯೋ ತಿಂಗಳು ಏಪ್ರಿಲ್ ಅಥವಾ ಮೇ ಇರಲಿ. ನೋಂದಣಿ ಖರ್ಚು ನಾನೇ ಕೊಡ್ತೀನಿ ಅನ್ನಿ. ಒಂದು ಸಲ ಮನೆ ಬದಲಾಯಿಸೋ ಖರ್ಚಿನ ಮುಂದೆ ಅದು ದೊಡ್ಡದಲ್ಲ. ಎಲ್ಲ ಮಾಲೀಕರೂ ಒಪ್ಪಲ್ಲ. ಕೆಲವರು ಒಪ್ತಾರೆ, ಹೊಸಬರನ್ನ ಹುಡುಕೋ ತಲೆನೋವು ಅವರಿಗೂ ಬೇಡ. ನಮ್ಮ ಹಳೇ ಮಾಲೀಕರನ್ನ ನಾನು 2023ರಲ್ಲಿ ಕೇಳಿದ್ದರೆ ಒಪ್ಪುತ್ತಿದ್ದರು ಅಂತ ಅವರೇ ಹೇಳಿದರು, ಬೀಗದ ಕೈ ವಾಪಸ್ ಕೊಡೋ ದಿನ.

ಆ ಮನೆಗೆ ಇನ್ನೂ ಯಾರೂ ಬಂದಿಲ್ಲ. ಗೇಟಿಗೆ ಬೋರ್ಡ್ ತಗುಲಿಸಿದ್ದಾರೆ: ಮೆಟ್ರೋಗೆ 4 ನಿಮಿಷ, ಫ್ಯಾಮಿಲಿಗೆ ಮಾತ್ರ. 4 ನಿಮಿಷ ಅನ್ನೋದು ನಿಜ, ನಾನೇ ಅಳೆದದ್ದು.